‘ಬಾಂಗ್ಲಾದವ್ರು’ ಅನ್ನೋಕೆ ಮುಂಚೆ: ಅಕ್ರಮ ವಲಸಿಗ, ನುಸುಳುಕೋರ, ನಿರಾಶ್ರಿತ – ಯಾವ ಪದ ಯಾರಿಗೆ?

ಕಾಫಿ ಕೊಯ್ಲು ಶುರುವಾದ ಮೇಲೆ ಸಂತೆ ದಿನ ನಮ್ಮ ಪೇಟೆ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಎಸ್ಟೇಟ್ ಪಿಕಪ್‌ಗಳು ಬಂದು ನಿಂತವು ಅಂದ್ರೆ ಮೊಬೈಲ್ ಅಂಗಡಿ, ಕೋಳಿ ಅಂಗಡಿ, ಬಟ್ಟೆ ಅಂಗಡಿ ಎಲ್ಲಾ ಕಡೆ ಕೂಲಿ ಹುಡುಗರೇ. ಹೋದ ವಾರ ಬಸ್ ಸ್ಟ್ಯಾಂಡ್ ಹತ್ರ ಒಂದು ಮೊಬೈಲ್ ಅಂಗಡಿಯಲ್ಲಿ ಕೂತಿದ್ದೆ. ಒಬ್ಬ ಹುಡುಗ ಬಂದು ಮನೆಗೆ ಮೂರು ಸಾವಿರ ರೂಪಾಯಿ ಕಳಿಸಿದ. ಅವನು ಮೆಟ್ಟಿಲು ಇಳಿದ ತಕ್ಷಣ ಅಂಗಡಿಯವರು ನನ್ನ ಕೇಳಿದ್ರು: ‘ನೀನು ನ್ಯೂಸ್‌ನೋನಲ್ವಾ? ಇವ್ರೆಲ್ಲ ಬಾಂಗ್ಲಾದವ್ರಂತೆ, ಹೌದಾ?’

ದುಡ್ಡು ಹೋಗಿದ್ದು ಅಸ್ಸಾಂನ ಬಾರ್ಪೇಟಾ ಜಿಲ್ಲೆಯ ಬ್ಯಾಂಕ್ ಖಾತೆಗೆ. ಆ ಊರ ಹೆಸರನ್ನ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದು ಇದೇ ಅಂಗಡಿಯವರು. ಆದ್ರೂ ಬಾಯಿಗೆ ಬಂದಿದ್ದು ‘ಬಾಂಗ್ಲಾ’.

ಅವರನ್ನ ಬೈಯೋ ಹಕ್ಕು ನನಗಿಲ್ಲ. ಯಾಕಂದ್ರೆ ಇದೇ ತಪ್ಪನ್ನ ನಾನು ಬರವಣಿಗೆಯಲ್ಲೇ ಮಾಡಿದ್ದೀನಿ.

ಹೋದ ವರ್ಷದ ಸುದ್ದಿ

ಹೋದ ವರ್ಷ ಕೊಯ್ಲಿನ ಸಮಯದಲ್ಲಿ ಲೈನ್ ಮನೆಯೊಂದರಲ್ಲಿ ಬಾಡಿಗೆಗಿದ್ದ ಏಳು ಜನ ಕಾರ್ಮಿಕರನ್ನ ದಾಖಲೆ ಪರಿಶೀಲನೆಗೆ ಅಂತ ಠಾಣೆಗೆ ಕರೆಸಿದ್ರು. ಯಾರೋ ಫೋನ್ ಮಾಡಿ ಹೇಳಿದ್ರು, ನಾನು ಓಡಿದೆ, ಫೋಟೋ ತೆಗೆದೆ, ಅರ್ಧ ಗಂಟೆಯಲ್ಲಿ ಸುದ್ದಿ ಹಾಕಿದೆ. ಹೆಡ್‌ಲೈನ್: ‘ತಾಲ್ಲೂಕಿನಲ್ಲಿ ಅಕ್ರಮ ಬಾಂಗ್ಲಾ ನುಸುಳುಕೋರರು ವಶಕ್ಕೆ?’ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಅದು ಇದ್ರೆ ಸಾಕು, ನಮ್ಮ ಮೇಲೆ ಏನೂ ಬರಲ್ಲ ಅಂತ ಈ ಕೆಲಸದಲ್ಲಿ ನಾವೆಲ್ಲ ಕಲಿತಿರೋ ಉಪಾಯ.

ಎರಡನೇ ದಿನ ಅವರ ಊರಿಂದ ದಾಖಲೆ ಬಂತು. ಏಳೂ ಜನ ಅಸ್ಸಾಂನವರು, ಭಾರತದವರು. ವಾಪಸ್ ಕಳಿಸಿದ್ರು. ನಾನು ಆ ಸುದ್ದಿನೂ ನಾಲ್ಕು ಸಾಲು ಹಾಕಿದೆ. ಅದನ್ನ ಯಾರೂ ಶೇರ್ ಮಾಡಲಿಲ್ಲ. ಮೊದಲನೇದು ಮಾತ್ರ ಊರೆಲ್ಲ ಸುತ್ತಿತ್ತು. ಅವರು ಠಾಣೆಯಿಂದ ಬರೋ ಹೊತ್ತಿಗೆ ಮನೆ ಮಾಲೀಕರು ಸಾಮಾನು ಹೊರಗಿಟ್ಟಿದ್ರು. ‘ಪೇಪರಲ್ಲಿ ಬಂದಿದೆಯಲ್ಲಪ್ಪ’ ಅಂದ್ರಂತೆ.

ಆಮೇಲೆ ಈ ವಿಷಯ ಸ್ವಲ್ಪ ಓದೋಕೆ ಶುರು ಮಾಡಿದೆ. ಗೊತ್ತಾಗಿದ್ದನ್ನ ಇಲ್ಲಿ ಹೇಳ್ತಿದ್ದೀನಿ.

ಕಾನೂನು ಯಾರನ್ನ ‘ಅಕ್ರಮ ವಲಸಿಗ’ ಅನ್ನುತ್ತೆ?

ನಮ್ಮ ಪೌರತ್ವ ಕಾಯ್ದೆ ಬಂದಿದ್ದು 1955ರಲ್ಲಿ. ‘ಅಕ್ರಮ ವಲಸಿಗ’ ಅನ್ನೋ ಪದಕ್ಕೆ ಅದರಲ್ಲಿ ಅರ್ಥ ಬರೆದಿದ್ದು 2003ರ ತಿದ್ದುಪಡಿಯಲ್ಲಿ. ಸರಳವಾಗಿ ಹೇಳಬೇಕಂದ್ರೆ ಎರಡು ತರದ ವಿದೇಶಿಯರು ಇದರಲ್ಲಿ ಬರ್ತಾರೆ. ಒಂದು, ಸರಿಯಾದ ಪಾಸ್‌ಪೋರ್ಟ್, ಪ್ರಯಾಣ ದಾಖಲೆ ಇಲ್ಲದೆ ದೇಶದೊಳಗೆ ಬಂದವರು. ಎರಡು, ಸರಿಯಾಗೇ ಬಂದು ವೀಸಾ ಅವಧಿ ಮುಗಿದ ಮೇಲೂ ಉಳಿದವರು. ಅಂದ್ರೆ ವಿಮಾನದಲ್ಲಿ ಬಂದು ವೀಸಾ ಮುಗಿದ ಮೇಲೂ ಇಲ್ಲೇ ಉಳಿದ ಪ್ರವಾಸಿಯೂ ಕಾನೂನಿನ ಪ್ರಕಾರ ಅಕ್ರಮ ವಲಸಿಗನೇ. ಅವನನ್ನ ನಾವು ಯಾರೂ ‘ನುಸುಳುಕೋರ’ ಅನ್ನಲ್ಲ.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾಯ್ದೆಗಳ ಜಾಗಕ್ಕೆ ಬಂದಿರೋದು ಇದು. ದಾಖಲೆ ಇಲ್ಲದೆ ಒಳಗೆ ಬಂದ ವಿದೇಶಿಯರಿಗೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲಾಂದ್ರೆ ಎರಡೂ.

ಇದರಲ್ಲಿ ಒಂದು ವಿಷಯ ಗಮನಿಸಿ. ಸಾಮಾನ್ಯ ಕೇಸಲ್ಲಿ ನೀವು ಕಳ್ಳ ಅಂತ ಪೊಲೀಸರು ಸಾಬೀತು ಮಾಡಬೇಕು. ಇಲ್ಲಿ ಉಲ್ಟಾ. ‘ನೀನು ವಿದೇಶಿ’ ಅಂತ ಪ್ರಶ್ನೆ ಎದ್ರೆ, ಅಲ್ಲ ಅಂತ ಸಾಬೀತು ಮಾಡಬೇಕಾದವನು ಅವನೇ. ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಹೀಗೇ ಇದೆ. ಆದ್ರೆ 2024ರ ಜುಲೈನಲ್ಲಿ ಅಸ್ಸಾಂನ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಮಿತಿ ಹಾಕಿತು: ಸುಮ್ಮನೆ ಗುಮಾನಿ ಮೇಲೆ ಯಾರನ್ನೂ ವಿದೇಶಿ ಅನ್ನೋ ಹಾಗಿಲ್ಲ, ಅಧಿಕಾರಿಗಳ ಹತ್ರ ಏನಾದ್ರೂ ಆಧಾರ ಇರಬೇಕು, ಹೆಸರಿನ ಸ್ಪೆಲಿಂಗ್, ದಿನಾಂಕದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದ ಮಾತ್ರಕ್ಕೆ ಪೌರತ್ವ ಹೋಗಲ್ಲ.

ಸ್ಪೆಲಿಂಗ್ ಅಂದ ತಕ್ಷಣ ನನಗೆ ನಮ್ಮ ಮನೆ ನೆನಪಾಯ್ತು. ನಮ್ಮಜ್ಜಿ ಹೆಸರು ಪಹಣಿಯಲ್ಲಿ ಒಂದು ತರ, ರೇಷನ್ ಕಾರ್ಡಲ್ಲಿ ಒಂದು ತರ, ಆಧಾರ್‌ನಲ್ಲಿ ಇನ್ನೊಂದು ತರ ಇದೆ. ಹುಟ್ಟಿದ ತಾರೀಖು ಎಲ್ಲೂ ಇಲ್ಲ. ಆಧಾರ್ ಮಾಡೋ ಹುಡುಗ ಜನವರಿ 1 ಅಂತ ಹಾಕಿದ್ದ. ನಿಮ್ಮ ಮನೆಯಲ್ಲೂ ಒಮ್ಮೆ ತೆಗೆದು ನೋಡಿ.

ಬಂಗಾಳಿ ಮಾತಾಡಿದ್ರೆ ಬಾಂಗ್ಲಾದೇಶ ಅಂತಲ್ಲ

ನಮ್ಮಲ್ಲಿ ಆಗ್ತಿರೋ ಗೊಂದಲದ ಬುಡ ಇದು. ಭಾಷೆ ಕೇಳಿ ದೇಶ ಹೇಳ್ತೀವಿ.

2011ರ ಜನಗಣತಿ ಪ್ರಕಾರ ಭಾರತದಲ್ಲಿ ಬಂಗಾಳಿ ಮಾತೃಭಾಷೆ ಇರೋರು 9.72 ಕೋಟಿ. ಹಿಂದಿ ಬಿಟ್ಟರೆ ಅದೇ ದೊಡ್ಡದು. ಕನ್ನಡದವರು 4.37 ಕೋಟಿ. ಅಂದ್ರೆ ಭಾರತದೊಳಗೇ ಬಂಗಾಳಿ ಮಾತಾಡೋರು ನಮ್ಮ ಎರಡರಷ್ಟಕ್ಕಿಂತ ಜಾಸ್ತಿ. ಪಶ್ಚಿಮ ಬಂಗಾಳ, ತ್ರಿಪುರ ಮಾತ್ರ ಅಲ್ಲ, ಅಸ್ಸಾಂ ಒಂದರಲ್ಲೇ ಸುಮಾರು 90 ಲಕ್ಷ ಜನ ಬಂಗಾಳಿ ಮಾತಾಡ್ತಾರೆ. ಅಸ್ಸಾಂನ ಬರಾಕ್ ಕಣಿವೆಯ ಸಿಲ್ಚಾರ್‌ನಲ್ಲಿ 1961ರ ಮೇ 19ರಂದು ಬಂಗಾಳಿ ಭಾಷೆಗೆ ಸ್ಥಾನ ಕೇಳಿ ಹೋರಾಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 11 ಜನ ಸತ್ತರು. ಸತ್ತವರು ಭಾರತದವರು, ಕೇಳಿದ್ದು ಅಸ್ಸಾಂ ಸರ್ಕಾರವನ್ನ. ಗೋಕಾಕ್ ಚಳವಳಿ ಕಂಡ ನಮಗೆ ಇದು ಅರ್ಥ ಆಗಬೇಕು.

ಹಾಗಂತ ಬಾಂಗ್ಲಾದೇಶದಿಂದ ಕಾಗದ ಇಲ್ಲದೆ ಬಂದವರು ಯಾರೂ ಇಲ್ಲ ಅಂತ ನಾನು ಹೇಳ್ತಿಲ್ಲ. ಇದ್ದಾರೆ. ಎರಡು ದೇಶಗಳ ಗಡಿ 4,096 ಕಿಲೋಮೀಟರ್. ನದಿ, ಗದ್ದೆ, ಊರುಗಳ ನಡುವೆ ಹಾದು ಹೋಗುತ್ತೆ. ದಲ್ಲಾಳಿಗೆ ದುಡ್ಡು ಕೊಟ್ಟು ದಾಟಿ ಬರೋರನ್ನ ಬೆಂಗಳೂರು ಸುತ್ತಮುತ್ತ ಪೊಲೀಸರು ಹಿಡಿದಿದ್ದಾರೆ, ಕೇಸ್ ಆಗಿದೆ, ವಾಪಸ್ ಕಳಿಸಿದ್ದಾರೆ. ವಾಪಸ್ ಕಳಿಸೋವರೆಗೆ ಇಟ್ಟುಕೊಳ್ಳೋಕೆ ಅಂತಲೇ ನೆಲಮಂಗಲ ಹತ್ರ ಸೊಂಡೆಕೊಪ್ಪದಲ್ಲಿ ಒಂದು ಕೇಂದ್ರ ಇದೆ. ಪರಿಶೀಲನೆ ಮಾಡೋದು ಸರ್ಕಾರದ ಕೆಲಸ, ಮಾಡಬೇಕು. ಆದ್ರೆ ಆ ಕೆಲಸವನ್ನ ಸಂತೆಯಲ್ಲಿ ನಿಂತು, ಲುಂಗಿ ಮತ್ತು ಮಾತು ನೋಡಿ, ನಾವು ನೀವು ಮಾಡೋಕಾಗಲ್ಲ.

ಕಾಗದ ಇಲ್ಲದೆ ಬದುಕೋದು ಅಂದ್ರೆ

ಇದು ನನಗೆ ಓದಿ ಗೊತ್ತಾಗಿದ್ದಲ್ಲ. ನಮ್ಮ ಅಮ್ಮನ ತವರು ಕುಂದಾಪುರದ ಕಡೆ. ಅಮ್ಮನ ತಮ್ಮ 2009ರಲ್ಲಿ ಡ್ರೈವರ್ ಕೆಲಸಕ್ಕೆ ಅಂತ ಸೌದಿಗೆ ಹೋದ್ರು. ಇಳಿದ ದಿನವೇ ಮಾಲೀಕ ಪಾಸ್‌ಪೋರ್ಟ್ ತಗೊಂಡ. ಆರು ತಿಂಗಳು ಸಂಬಳ ಕೊಡಲಿಲ್ಲ. ಮಾವ ಅಲ್ಲಿಂದ ಹೊರಟು ಬೇರೆ ಕಡೆ ಕೆಲಸಕ್ಕೆ ಸೇರಿದ್ರು. ಮಾಲೀಕ ಓಡಿಹೋದ ಅಂತ ಬರೆಸಿದ. ಅದಕ್ಕೆ ಅಲ್ಲಿ ‘ಹುರೂಬ್’ ಅಂತಾರೆ. ಒಮ್ಮೆ ಆ ಪದ ಹೆಸರಿನ ಮುಂದೆ ಬಿದ್ರೆ ಮುಗೀತು, ನಿಮ್ಮ ಕಾಗದ ರದ್ದು.

ಗಲ್ಫ್‌ಗೆ ಹೋಗಿ ಬಂದವರಿಗೆ ‘ಖಲ್ಲಿವಲ್ಲಿ’ ಅನ್ನೋ ಪದ ಗೊತ್ತಿರುತ್ತೆ. ಅರಬ್ಬಿಯಲ್ಲಿ ‘ಹೋಗಲಿ ಬಿಡು’ ಅನ್ನೋ ಅರ್ಥದಲ್ಲಿ ಬಳಸೋ ಮಾತು. ನಮ್ಮವರು ಅಲ್ಲಿ ವೀಸಾ ಇಲ್ಲದವರಿಗೇ ಆ ಹೆಸರಿಟ್ಟಿದ್ದಾರೆ. ಮಾವ ಮೂರು ವರ್ಷಕ್ಕೂ ಜಾಸ್ತಿ ಖಲ್ಲಿವಲ್ಲಿ ಆಗಿದ್ರು. ಹಲ್ಲು ನೋವು ಬಂದ್ರೂ ಆಸ್ಪತ್ರೆಗೆ ಹೋಗಲ್ಲ. ಸಂಜೆ ಆದ ಮೇಲೆ ರಸ್ತೆಗೆ ಇಳಿಯಲ್ಲ. ಸಂಬಳ ಅರ್ಧ ಕೊಟ್ರೆ ಅರ್ಧ ತಗೊಳ್ಳೋದು, ದೂರು ಕೊಡೋದು ಯಾರಿಗೆ? ಅಜ್ಜ ತೀರಿಕೊಂಡಾಗ ಫೋನಲ್ಲೇ ಅತ್ತರು. 2013ರಲ್ಲಿ ಸೌದಿ ಸರ್ಕಾರ ಕ್ಷಮಾದಾನದ ಅವಧಿ ಕೊಟ್ಟಾಗ ಊರಿಗೆ ಬಂದ್ರು.

ಆ ಮೂರು ವರ್ಷ ನಮ್ಮ ಮನೆಯಲ್ಲಿ ಯಾರೂ ಅವರನ್ನ ‘ಅಕ್ರಮ ವಲಸಿಗ’ ಅನ್ನಲಿಲ್ಲ. ‘ಪಾಪ, ಅಲ್ಲಿ ಸಿಕ್ಕಾಕ್ಕೊಂಡಿದ್ದಾನೆ’ ಅಂದ್ರು. ಸೌದಿ ಪೊಲೀಸರ ಪುಸ್ತಕದಲ್ಲಿ ಮಾತ್ರ ಅವರು ಅಪರಾಧಿ.

2025ರ ಫೆಬ್ರುವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನ ಅಮೃತಸರಕ್ಕೆ ತಂದು ಇಳಿಸಿತಲ್ಲ, ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ. ಆಗ ನಮ್ಮೂರ ಹೋಟೆಲಲ್ಲಿ ಟೀ ಕುಡೀತಾ ಎಲ್ಲರೂ ಹೇಳಿದ್ದು, ‘ಮನುಷ್ಯರನ್ನ ಹಿಂಗಾ ಕರ್ಕೊಂಡು ಬರೋದು?’ ಅಂತ. ಸರಿಯಾದ ಮಾತು. ಅವರೂ ಕಾಗದ ಇಲ್ಲದೆ ಗಡಿ ದಾಟಿದವರೇ. ಜಮೀನು ಮಾರಿ, ಏಜೆಂಟ್‌ಗೆ ಲಕ್ಷಗಟ್ಟಲೆ ಕೊಟ್ಟು ಹೋದವರು. ಆ ದಾರಿಗೆ ‘ಡಂಕಿ’ ಅಂತ ಹೆಸರಿದೆ, ಸಿನಿಮಾನೂ ಬಂತು. ನಮ್ಮವರು ಹೋದ್ರೆ ಡಂಕಿ, ಬೇರೆಯವರು ಬಂದ್ರೆ ನುಸುಳುಕೋರ.

ಪದಗಳನ್ನ ಒಂದೊಂದಾಗಿ ನೋಡಿದ್ರೆ

ವಲಸೆ ಕಾರ್ಮಿಕ: ಕೆಲಸಕ್ಕೆ ಊರು ಬಿಟ್ಟು ಬಂದವರು. ಅಸ್ಸಾಂ, ಬಂಗಾಳ, ಜಾರ್ಖಂಡ್, ಒಡಿಶಾದಿಂದ ಕಾಫಿ ತೋಟಕ್ಕೆ ಬರೋರು ಈ ಸಾಲಿಗೆ ಸೇರ್ತಾರೆ. ರಾಯಚೂರು, ಕಲಬುರಗಿ ಕಡೆಯವರು ಬೆಂಗಳೂರಿಗೆ ಹೋದ್ರೆ ‘ಗುಳೆ’ ಅಂತೀವಿ, ಅದೂ ಇದೇ. ಭಾರತದ ಪ್ರಜೆ ದೇಶದಲ್ಲಿ ಎಲ್ಲಿ ಬೇಕಾದ್ರೂ ಓಡಾಡಬಹುದು, ಎಲ್ಲಿ ಬೇಕಾದ್ರೂ ಇರಬಹುದು ಅಂತ ಸಂವಿಧಾನದ 19ನೇ ವಿಧಿ ಹೇಳುತ್ತೆ.

ನಿರಾಶ್ರಿತ: ಯುದ್ಧ, ಹಿಂಸೆ, ಕಿರುಕುಳಕ್ಕೆ ಹೆದರಿ ದೇಶ ಬಿಟ್ಟು ಬಂದವರು. ನಮ್ಮ ರಾಜ್ಯದಲ್ಲೇ ಬೈಲಕುಪ್ಪೆ, ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟಿಯನ್ನರಿದ್ದಾರೆ. ಸಿಂಧನೂರು ತಾಲ್ಲೂಕಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿ ಇವತ್ತಿನ ಬಾಂಗ್ಲಾದೇಶದ ಕಡೆಯಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವೇ ಜಾಗ ಕೊಟ್ಟು ಕೂರಿಸಿತು. ಅವರ ಮೊಮ್ಮಕ್ಕಳು ಕನ್ನಡ ಮಾತಾಡ್ತಾರೆ. ಆದ್ರೆ ಭಾರತದಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನಿಲ್ಲ, 1951ರ ವಿಶ್ವಸಂಸ್ಥೆ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ಹಾಗಾಗಿ ಯಾರು ನಿರಾಶ್ರಿತ, ಯಾರು ಅಕ್ರಮ ಅನ್ನೋದು ಆಯಾ ಕಾಲದ ಸರ್ಕಾರದ ತೀರ್ಮಾನ. 2019ರ ಸಿಎಎ ಕೂಡ ಇದನ್ನೇ ಮಾಡಿದ್ದು: ಮೂರು ದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರನ್ನ ‘ಅಕ್ರಮ ವಲಸಿಗ’ ಪಟ್ಟಿಯಿಂದ ಹೊರಗಿಟ್ಟಿತು. ಮುಸ್ಲಿಮರು ಆ ಆರರಲ್ಲಿಲ್ಲ. ಇದು ಸರಿಯೋ ತಪ್ಪೋ ಅನ್ನೋ ಜಗಳ ಬೇರೆ. ಒಂದೇ ರೀತಿ ಗಡಿ ದಾಟಿದ ಇಬ್ಬರಿಗೆ ಎರಡು ಪದ ಬರೋದು ಹೇಗೆ ಅನ್ನೋದನ್ನ ಮಾತ್ರ ಇಲ್ಲಿ ನೋಡಿ.

ನುಸುಳುಕೋರ: ಮೂಲದಲ್ಲಿ ಇದು ಗಡಿ ಸುದ್ದಿಯ ಪದ. ಕಾಶ್ಮೀರದಲ್ಲಿ ಬಂದೂಕು ಹಿಡಿದು ಒಳಗೆ ಬರೋನಿಗೆ ಪೇಪರ್‌ನವರು ಬಳಸ್ತಿದ್ದದ್ದು. ಚಿಂದಿ ಆಯೋಳಿಗೂ ಅದೇ ಪದ ಹಾಕಿದ್ರೆ ಓದೋರ ಕಣ್ಣಿಗೆ ಅವಳ ಕೈಯಲ್ಲೂ ಬಂದೂಕು ಕಾಣುತ್ತೆ.

ಗೆದ್ದಲು, ಪ್ರವಾಹ, ದಂಡು: ದೊಡ್ಡ ನಾಯಕರೇ ವೇದಿಕೆ ಮೇಲೆ ‘ಗೆದ್ದಲು’ ಅಂದಿದ್ದುಂಟು. ಗೆದ್ದಲಿಗೆ ನಾವೇನು ಮಾಡ್ತೀವಿ ಅಂತ ತೋಟ ಇಟ್ಟಿರೋರಿಗೆ ಹೇಳಬೇಕಾಗಿಲ್ಲ.

ದಾಖಲೆರಹಿತ ವಲಸಿಗ: ಕಾಗದ ಇಲ್ಲ ಅನ್ನೋದನ್ನಷ್ಟೇ ಹೇಳೋ ಪದ. ವಿಶ್ವಸಂಸ್ಥೆಯ ಮಹಾಸಭೆ 1975ರಲ್ಲೇ ಅಧಿಕೃತ ಕಾಗದಗಳಲ್ಲಿ ಇಂಥ ಪದ ಬಳಸಿ ಅಂತ ಹೇಳಿತು. ಅಮೆರಿಕದ ಎಪಿ ಸುದ್ದಿಸಂಸ್ಥೆ 2013ರಲ್ಲಿ ಮನುಷ್ಯರಿಗೆ ‘ಅಕ್ರಮ’ ಅಂತ ಬರೆಯೋದನ್ನ ಕೈಬಿಟ್ಟಿತು. ಅವರ ವಾದ ಇಷ್ಟೇ: ಮಾಡಿದ ಕೆಲಸ ಅಕ್ರಮ ಇರಬಹುದು, ಮನುಷ್ಯ ಅಕ್ರಮ ಆಗಲ್ಲ. ಲೈಸೆನ್ಸ್ ಇಲ್ಲದೆ ಬೈಕ್ ಓಡಿಸೋನನ್ನ ‘ಅಕ್ರಮ ಮನುಷ್ಯ’ ಅಂತೀವಾ?

ನಮ್ಮಲ್ಲೇ ಒಂದು ಪದ ಇದೆ

ಇದೆಲ್ಲ ಇಂಗ್ಲಿಷ್‌ನವರ ನಾಜೂಕು ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದ್ರೆ ನಮ್ಮ ತಾಲ್ಲೂಕು ಕಚೇರಿ ಮುಂದೆ ಹೋಗಿ ನಿಲ್ಲಿ. ಅಲ್ಲಿ ದಿನಾ ಕೇಳೋ ಪದ ಯಾವುದು? ಬಗರ್‌ಹುಕುಂ. ‘ಬಗರ್’ ಅಂದ್ರೆ ಇಲ್ಲದೆ, ‘ಹುಕುಂ’ ಅಂದ್ರೆ ಅಪ್ಪಣೆ. ಅಪ್ಪಣೆ ಇಲ್ಲದೆ ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡಿದವರು. ಕಾನೂನಿನ ಪ್ರಕಾರ ಒತ್ತುವರಿ. ಆದ್ರೂ ನಾವು ‘ಅಕ್ರಮ ರೈತ’ ಅನ್ನಲ್ಲ, ‘ಬಗರ್‌ಹುಕುಂ ಸಾಗುವಳಿದಾರ’ ಅಂತೀವಿ. ಅವನು ದುಡಿದಿದ್ದಾನೆ, ಕಾಗದ ಮಾತ್ರ ಇಲ್ಲ ಅಂತ ಆ ಪದ ಹೇಳುತ್ತೆ. ಅಷ್ಟೇ ಅಲ್ಲ, ಫಾರಂ 50, 53, 57 ಅಂತ ಅರ್ಜಿ ಹಾಕೋಕೆ ದಾರಿನೂ ಕೊಟ್ಟಿದ್ರು. ‘ಅಕ್ರಮ’ದ ಪಕ್ಕದಲ್ಲೇ ‘ಸಕ್ರಮ’ ಅಂತ ಒಂದು ಪದ ಇಟ್ಟಿದ್ದೀವಿ. ನಮ್ಮಪ್ಪನ ಫಾರಂ 57 ಅರ್ಜಿ ಇನ್ನೂ ಬಾಕಿ ಇದೆ. ನಮ್ಮ ಮನೆ ಮುಂದೆ ಯಾರಾದ್ರೂ ‘ಅಕ್ರಮದವ್ರು’ ಅಂತ ಬೋರ್ಡ್ ಹಾಕಿದ್ರೆ ನಾವು ಸುಮ್ನಿರ್ತೀವಾ?

ಜಮೀನು ಬೇರೆ, ಗಡಿ ಬೇರೆ, ಒಪ್ತೀನಿ. ದೇಶದ ಗಡಿಗೆ ಬೇರೆ ನಿಯಮ ಇರಲೇಬೇಕು. ಆದ್ರೆ ಕಾಗದ ಇಲ್ಲದವನನ್ನ ಕಳ್ಳ ಅನ್ನದೇ ಕರೆಯೋಕೆ ಕನ್ನಡಕ್ಕೆ ಬರುತ್ತೆ. ಬೇಕಾದವರಿಗೆ ನಾವು ಹಾಗೆ ಕರೆದಿದ್ದೀವಿ.

ಪದ ತಪ್ಪಿದ್ರೆ ಏನಾಗುತ್ತೆ?

2020ರ ಜನವರಿ. ಬೆಂಗಳೂರಿನ ಬೆಳ್ಳಂದೂರು ಹತ್ರ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾ ಅಕ್ರಮ ವಲಸಿಗರು’ ಅಂತ ಒಂದು ವಿಡಿಯೋ ಓಡಾಡಿತು. ಆಮೇಲೆ ಜೆಸಿಬಿ ತಂದು ಶೆಡ್‌ಗಳನ್ನ ಕೆಡವಿದ್ರು. ಅಲ್ಲಿದ್ದವರು ಅಸ್ಸಾಂ, ತ್ರಿಪುರದವರು, ಜೊತೆಗೆ ನಮ್ಮ ಉತ್ತರ ಕರ್ನಾಟಕದವರು! ಕನ್ನಡದವರ ಗುಡಿಸಲೂ ‘ಬಾಂಗ್ಲಾ’ ಲೆಕ್ಕದಲ್ಲಿ ಹೋಯ್ತು. ವಿಷಯ ಹೈಕೋರ್ಟ್‌ಗೆ ಹೋಗಿ, ಕೋರ್ಟ್ ತೆರವಿಗೆ ತಡೆ ಕೊಟ್ಟು, ಯಾವ ಆಧಾರದ ಮೇಲೆ ಹೀಗೆ ಮಾಡಿದ್ರಿ ಅಂತ ಕೇಳಿತು.

ಅಸ್ಸಾಂನಲ್ಲಿ 2019ರ ಆಗಸ್ಟ್ 31ರಂದು ಎನ್‌ಆರ್‌ಸಿ ಅಂತಿಮ ಪಟ್ಟಿ ಬಂತು. 1971ರ ಮಾರ್ಚ್ 24ರೊಳಗೆ ತಮ್ಮ ಹಿರಿಯರು ಇಲ್ಲಿದ್ರು ಅಂತ ಕಾಗದ ತೋರಿಸಬೇಕಿತ್ತು. ಅರ್ಜಿ ಹಾಕಿದ 3.3 ಕೋಟಿ ಜನರಲ್ಲಿ 19,06,657 ಜನರ ಹೆಸರು ಬರಲಿಲ್ಲ. ಅದರಲ್ಲಿ ಹಿಂದೂಗಳೂ ಇದ್ರು, ಮುಸ್ಲಿಮರೂ ಇದ್ರು. ಅದೇ ವರ್ಷ ನಮ್ಮ ಸೇನೆಯಲ್ಲಿ ಮೂರು ದಶಕ ದುಡಿದು ನಿವೃತ್ತರಾದ ಒಬ್ಬರನ್ನ ‘ವಿದೇಶಿ’ ಅಂತ ಬಂಧನ ಕೇಂದ್ರಕ್ಕೆ ಹಾಕಿ, ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಬಿಟ್ಟರು. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಕೂಲಿ ಮಾಡ್ತಿದ್ದ ಪಶ್ಚಿಮ ಬಂಗಾಳದ ಒಬ್ಬ ಗರ್ಭಿಣಿಯನ್ನ ಕುಟುಂಬದ ಜೊತೆ ಗಡಿಯಾಚೆ ದಬ್ಬಿದ್ರು. ಆಕೆ ಅಲ್ಲಿ ಜೈಲಲ್ಲಿದ್ದು, ಕೋರ್ಟ್‌ಗಳು ಮಧ್ಯೆ ಬಂದ ಮೇಲೆ ಡಿಸೆಂಬರ್‌ನಲ್ಲಿ ವಾಪಸ್ ಬಂದ್ರು.

ಇನ್ನೊಂದು ಮಾತು. ನಿಜವಾಗಿ ವಿದೇಶಿಯೇ ಆಗಿದ್ರೂ ಅವರನ್ನ ಹೊಡೆಯೋ, ಕೂಲಿ ಕೊಡದೆ ಓಡಿಸೋ ಹಕ್ಕು ಯಾರಿಗೂ ಇಲ್ಲ. ಸಂವಿಧಾನದ 21ನೇ ವಿಧಿ, ಅಂದ್ರೆ ಜೀವದ ಹಕ್ಕು, ಪ್ರಜೆಗಳಿಗೆ ಮಾತ್ರ ಅಲ್ಲ, ಈ ನೆಲದ ಮೇಲಿರೋ ಎಲ್ಲರಿಗೂ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ.

ಅಂಗಡಿಯವರು, ಮನೆ ಮಾಲೀಕರು, ತೋಟದವರು ಇಷ್ಟು ನೆನಪಿಟ್ಟುಕೊಳ್ಳಿ

• ಕೆಲಸಕ್ಕೆ, ಬಾಡಿಗೆಗೆ ಇಟ್ಟುಕೊಳ್ಳುವಾಗ ಗುರುತಿನ ಚೀಟಿಯ ಜೆರಾಕ್ಸ್, ಊರಿನ ವಿಳಾಸ, ಮನೆಯವರ ಫೋನ್ ನಂಬರ್ ತಗೊಳ್ಳಿ. ಠಾಣೆಯಿಂದ ಕೇಳಿದ್ರೆ ಕೊಡಿ. ಒರಿಜಿನಲ್ ಮಾತ್ರ ಇಟ್ಕೋಬೇಡಿ. ನಮ್ಮ ಮಾವನ ಕಥೆ ಅಲ್ಲಿಂದಲೇ ಶುರುವಾಗಿದ್ದು.

• ಆಧಾರ್ ಇದ್ರೆ ಭಾರತೀಯ ಅಂತ ಸಾಬೀತಾಗಲ್ಲ, ಇಲ್ಲದಿದ್ರೆ ವಿದೇಶಿ ಅಂತಲೂ ಅಲ್ಲ. ಆಧಾರ್ ಇಲ್ಲಿ ವಾಸ ಇರೋದಕ್ಕೆ ಕೊಡೋದು, ಪೌರತ್ವಕ್ಕಲ್ಲ. ಆ ಕಾಯ್ದೆಯಲ್ಲೇ ಹಾಗೆ ಬರೆದಿದೆ.

• ಹೋಂಸ್ಟೇ, ಲಾಡ್ಜ್‌ನವರು ವಿದೇಶಿ ಅತಿಥಿ ಬಂದ್ರೆ ಅವರ ವಿವರ ಅಧಿಕಾರಿಗಳಿಗೆ ಕೊಡಬೇಕು. ಬಿಳಿ ಚರ್ಮದವರಿಗೆ ಮಾತ್ರ ಅಲ್ಲ, ಯಾವ ದೇಶದವರಾದ್ರೂ.

• ನಿಜವಾಗಿ ಅನುಮಾನ ಇದ್ರೆ ಠಾಣೆಗೆ ಹೇಳಿ, 112ಕ್ಕೆ ಫೋನ್ ಮಾಡಿ. ವಿಡಿಯೋ ಮಾಡಿ ಗ್ರೂಪಿಗೆ ಹಾಕಬೇಡಿ.

• ‘ಎಲ್ಲಿಯವರು?’ ಅಂತ ಕೇಳಿ. ಬಹಳ ಸಲ ಅಷ್ಟೇ ಸಾಕಾಗುತ್ತೆ.

ಹೋದ ವರ್ಷದ ಆ ಸುದ್ದಿಯ ಹೆಡ್‌ಲೈನ್ ಬದಲಾಯಿಸಿದ್ದೀನಿ. ಮೇಲೆ ತಿದ್ದುಪಡಿನೂ ಹಾಕಿದ್ದೀನಿ, ಫೋಟೋ ತೆಗೆದಿದ್ದೀನಿ. ಆ ಏಳು ಜನರಲ್ಲಿ ಇಬ್ಬರು ಈ ವರ್ಷವೂ ಕೊಯ್ಲಿಗೆ ಬಂದಿದ್ದಾರೆ, ಬೇರೆ ತೋಟದಲ್ಲಿದ್ದಾರೆ. ಹೋಗಿ ಮಾತಾಡಿಸಿದೆ. ತಪ್ಪಾಯ್ತು ಅಂದೆ. ಒಬ್ಬ ನಕ್ಕು ಹರುಕು ಕನ್ನಡದಲ್ಲಿ ಕೇಳಿದ: ‘ಅಣ್ಣ, ಆ ಫೋಟೋ ಹೋಯ್ತಾ?’

ನಮ್ಮ ಕಡೆಯಿಂದ ಹೋಗಿದೆ. ಆದ್ರೆ ಹಳೇ ಸ್ಕ್ರೀನ್‌ಶಾಟ್ ಇನ್ನೂ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ನಿಮ್ಮ ಗ್ರೂಪಿಗೆ ಬಂದ್ರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಅದರ ಕೆಳಗೆ ಇದನ್ನ ಹಾಕಿ.